ನೆರವು ಕೇಳುವ ಮೆಸೇಜು ಅಸಲಿಯೇ? ನೋಡುವವರು ಯಾರು?

ಮೂಗಿಗೆ ನಳಿಕೆ ಹಾಕಿದ ಮಗುವಿನ ಫೋಟೊ, ಪಕ್ಕದಲ್ಲಿ ಆಸ್ಪತ್ರೆಯ ಎಸ್ಟಿಮೇಟ್ ಪತ್ರ, ಕೆಳಗೊಂದು ಕ್ಯುಆರ್ ಕೋಡ್. ಜೊತೆಗೆ, "ಕೈಲಾದಷ್ಟು ಸಹಾಯ ಮಾಡಿ, ಆಗದಿದ್ದರೆ ಶೇರ್ ಆದರೂ ಮಾಡಿ" ಎಂಬ ಸಾಲು. ಇಂಥದ್ದೊಂದು ಬಾರದ ವಾಟ್ಸ್‌ಆ್ಯಪ್ ಗ್ರೂಪ್ ಈಗ ಅಪರೂಪ. ಇವುಗಳಲ್ಲಿ ಅಸಲಿಯೂ ಉಂಟು, ಪೂರ್ತಿ ಕಟ್ಟುಕಥೆಯೂ ಉಂಟು, ಅಸಲಿ ಮನವಿಯನ್ನೇ ಎತ್ತಿಕೊಂಡು ಖಾತೆ ಮಾತ್ರ ಬದಲಿಸಿದ್ದೂ ಉಂಟು. ಹೆಚ್ಚು ತಲೆನೋವು ಈ ಮೂರನೆಯದು. ಅದರಲ್ಲಿ ಮಗು ನಿಜ, ಕಾಯಿಲೆ ನಿಜ, ಪತ್ರವೂ ನಿಜ. ಸುಳ್ಳಾಗಿರುವುದು ಕಪ್ಪು ಬಿಳಿ ಚೌಕಗಳ ಒಂದು ಚಿತ್ರ ಮಾತ್ರ.

ಅಪರಿಚಿತರ ಪತ್ರದ ಮೂಲಕ ಹಣ ಕೀಳುವ ವಿದ್ಯೆ ಹಳೆಯದು. ಯುರೋಪಿನಲ್ಲಿ 19ನೇ ಶತಮಾನದಲ್ಲೇ ಓಡಾಡುತ್ತಿದ್ದ, ಸೆರೆಯಲ್ಲಿರುವ ಸಿರಿವಂತನನ್ನು ಬಿಡಿಸಲು ಹಣ ಕಳಿಸಿದರೆ ಪಾಲು ಕೊಡುವೆವು ಎನ್ನುವ 'ಸ್ಪೇನಿನ ಕೈದಿ'ಯ ಪತ್ರ, ನಮ್ಮಲ್ಲಿ ತಿಮ್ಮಪ್ಪನ ಹೆಸರು ಹೇಳಿ ಇನ್ನಷ್ಟು ಜನಕ್ಕೆ ಬರೆಯಿರಿ ಎಂದು ಹೆದರಿಸುತ್ತಿದ್ದ ಪೋಸ್ಟ್ ಕಾರ್ಡು, ನೈಜೀರಿಯಾದ ದಂಡಸಂಹಿತೆಯ ಕಲಮಿನಿಂದ '419' ಎಂದೇ ಹೆಸರಾದ, ದೊಡ್ಡ ಮೊತ್ತದಲ್ಲಿ ಪಾಲು ಕೊಡುವೆ ಎಂದು ಮುಂಗಡ ಕೇಳುವ ಇಮೇಲು, ಲಾಟರಿ ಹೊಡೆದಿದೆ ಎನ್ನುವ ಎಸ್‌ಎಂಎಸ್ಸು. ಆಸೆ ಅಥವಾ ಭಯ, ಇವೆರಡರ ಮೇಲೇ ಇವೆಲ್ಲ ನಿಂತಿದ್ದವು. ಕರುಣೆಯನ್ನು ಬಂಡವಾಳ ಮಾಡಿಕೊಳ್ಳುವುದು ದೊಡ್ಡ ಪ್ರಮಾಣದಲ್ಲಿ ಬಂದದ್ದು ತಡವಾಗಿ, ಹಣ ಕಳಿಸುವುದು ಸುಲಭವಾದ ಮೇಲೆ.

ಅದಕ್ಕೂ ಮೊದಲು ನಮ್ಮಲ್ಲಿ ಚಿಕಿತ್ಸೆಗೆ ನೆರವು ಕೇಳುವ ದಾರಿ ಪತ್ರಿಕೆಯ ಜಿಲ್ಲಾ ಪುಟದ ಮೂಲೆ. 'ನೆರವಿಗೆ ಮನವಿ' ಎಂಬ ಶೀರ್ಷಿಕೆ, ಐದಾರು ಸಾಲು, ಬ್ಯಾಂಕ್ ಶಾಖೆಯ ಹೆಸರು, ಖಾತೆ ಸಂಖ್ಯೆ. ಆ ಐದು ಸಾಲು ಅಚ್ಚಾಗಬೇಕಾದರೆ ಊರಿನ ವರದಿಗಾರನಿಗೆ ಆ ಮನೆ ಗೊತ್ತಿರಬೇಕಿತ್ತು, ವೈದ್ಯರ ಪತ್ರ ಅವನ ಕಣ್ಣಿಗೆ ಬೀಳಬೇಕಿತ್ತು. ವ್ಯವಸ್ಥೆ ದೊಡ್ಡದೇನೂ ಅಲ್ಲ. ಶಿಫಾರಸು, ಜಾತಿ, ಪರಿಚಯ ಎಲ್ಲವೂ ಅಲ್ಲಿ ಕೆಲಸ ಮಾಡುತ್ತಿತ್ತು, ಯಾರ ಪರಿಚಯವೂ ಇಲ್ಲದವರಿಗೆ ಆ ಮೂಲೆಯೂ ಸಿಗುತ್ತಿರಲಿಲ್ಲ. ಆದರೂ ಕೊಡುವವರಿಗೂ ಪಡೆಯುವವರಿಗೂ ನಡುವೆ ಒಬ್ಬ ಮನುಷ್ಯ ನಿಂತಿದ್ದ.

ಆಮೇಲೆ ಆನ್‌ಲೈನಿನಲ್ಲಿ ಜನರಿಂದ ಹಣ ಸಂಗ್ರಹಿಸುವ ತಾಣಗಳು ಬಂದವು. 2009ರಲ್ಲಿ ಅಮೆರಿಕದಲ್ಲಿ ಕಿಕ್‌ಸ್ಟಾರ್ಟರ್, 2010ರಲ್ಲಿ ಗೋಫಂಡ್‌ಮಿ ಶುರುವಾದವು. ಅದೇ 2010ರಲ್ಲಿ ಬೆಂಗಳೂರಿನಲ್ಲಿ ಮಿಲಾಪ್ ಹುಟ್ಟಿತು. ಮೊದಲು ಅದು ಬಡವರಿಗೆ ಸಣ್ಣ ಸಾಲ ಒದಗಿಸುವ ತಾಣ, ಚಿಕಿತ್ಸೆಯ ದೇಣಿಗೆ ಆಮೇಲೆ ಬಂದದ್ದು. 2012ರಲ್ಲಿ ಮುಂಬೈಯಲ್ಲಿ ಕೆಟ್ಟೊ ಬಂತು. ನಡುವೆ ನಿಂತು ನೋಡುವ ಕೆಲಸ ಈಗ ತಾಣಗಳ ಪಾಲಾಯಿತು: ದಾಖಲೆ ತರಿಸಿಕೊಳ್ಳುವುದು, ಆಸ್ಪತ್ರೆಗೆ ಫೋನ್ ಮಾಡುವುದು, ಸಾಧ್ಯವಾದಲ್ಲಿ ಹಣವನ್ನು ನೇರ ಆಸ್ಪತ್ರೆಗೇ ಕಟ್ಟುವುದು. ತಾಣವಿದ್ದರೆ ಸಾಕು ಎನ್ನುವಂತಿಲ್ಲ ಎಂಬುದಕ್ಕೆ 2017ರ ನ್ಯೂಜೆರ್ಸಿಯ ಪ್ರಕರಣವೇ ಸಾಕ್ಷಿ. ಪೆಟ್ರೋಲ್ ಮುಗಿದು ನಿಂತ ಯುವತಿಗೆ ತನ್ನ ಕೊನೆಯ 20 ಡಾಲರ್ ಕೊಟ್ಟ ನಿರ್ಗತಿಕ ಮಾಜಿ ಸೈನಿಕನ ಕಥೆಗೆ ಗೋಫಂಡ್‌ಮಿಯಲ್ಲಿ 4 ಲಕ್ಷ ಡಾಲರಿಗೂ ಹೆಚ್ಚು ಬಂತು. ಕಥೆ ಕಟ್ಟಿದ್ದೆಂದು ಮರುವರ್ಷ ಹೊರಬಿತ್ತು, ತಾಣ ದಾನಿಗಳಿಗೆ ಹಣ ಹಿಂತಿರುಗಿಸಿತು. ತಾಣದ ಮೂಲಕ ಕೊಟ್ಟಿದ್ದರಿಂದ ಹಿಂತಿರುಗಿಸಲು ದಾನಿಗಳ ಪಟ್ಟಿಯಾದರೂ ಇತ್ತು ಎನ್ನುವುದನ್ನು ಗಮನಿಸಬೇಕು.

ನಮ್ಮಲ್ಲಿ ಆ ಪಟ್ಟಿಯನ್ನೂ ಅಳಿಸಿದ್ದು 2016ರಲ್ಲಿ ಬಂದ ಯುಪಿಐ. ತಾಣವೂ ಬೇಡ, ಪತ್ರಿಕೆಯೂ ಬೇಡ, ಒಂದು ಚಿತ್ರ ಸಾಕು. ಮೋಸಗಾರರು ಇದನ್ನು ಎಷ್ಟು ಬೇಗ ಬಳಸಿಕೊಳ್ಳಬಲ್ಲರು ಎಂಬುದನ್ನು ಕೋವಿಡ್ ತೋರಿಸಿತು. 2020ರ ಮಾರ್ಚ್ ಕೊನೆಯಲ್ಲಿ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಬೆನ್ನಿಗೇ ಅದರ ಯುಪಿಐ ಐಡಿಯನ್ನೇ ಹೋಲುವ, ಇಂಗ್ಲಿಷಿನ 'ಎಸ್' ಅಕ್ಷರ ಒಂದನ್ನು ಬಿಟ್ಟ ನಕಲಿ ಐಡಿ ಓಡಾಡತೊಡಗಿತು. ದೆಹಲಿ ಪೊಲೀಸರು ಅದನ್ನು ಮುಚ್ಚಿಸಬೇಕಾಯಿತು. 2021ರ ಎರಡನೇ ಅಲೆಯಲ್ಲಿ ಆಮ್ಲಜನಕ, ರೆಮ್‌ಡಿಸಿವಿರ್ ಹೆಸರಿನಲ್ಲಿ ಮುಂಗಡ ಪಡೆದು ಮಾಯವಾದವರ ನಂಬರುಗಳು ನಿಜವಾದ ಸಹಾಯವಾಣಿಗಳ ಪಟ್ಟಿಯಲ್ಲೇ ಸೇರಿಕೊಂಡಿದ್ದವು. ಅದೇ ವರ್ಷ ಕೇರಳದ ಕಣ್ಣೂರು ಜಿಲ್ಲೆಯ, ಎಸ್‌ಎಂಎ ಎಂಬ ಸ್ನಾಯು ದುರ್ಬಲಗೊಳಿಸುವ ಆನುವಂಶಿಕ ಕಾಯಿಲೆಯ ಮಗುವೊಂದರ ₹18 ಕೋಟಿಯ ಔಷಧಿಗೆ ಕೆಲವೇ ದಿನಗಳಲ್ಲಿ ₹46 ಕೋಟಿಗೂ ಹೆಚ್ಚು ಹರಿದುಬಂತು. ಜನ ಎಷ್ಟು ಕೊಡಬಲ್ಲರು ಎಂದು ಒಳ್ಳೆಯವರಿಗೆ ತಿಳಿದ ಹಾಗೆ ಉಳಿದವರಿಗೂ ತಿಳಿಯಿತು.

ಇತ್ತ ಸರ್ಕಾರ ಎಸ್‌ಎಂಎಸ್ಸಿಗೆ ಬೇಲಿ ಹಾಕುತ್ತಲೇ ಬಂದಿದೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ಕಂಪನಿಗಳು ತಮ್ಮ ಹೆಡರ್ (ಕಳಿಸಿದವರ ಜಾಗದಲ್ಲಿ ಕಾಣುವ ಹೆಸರು), ಮೆಸೇಜಿನ ಒಕ್ಕಣೆ ಎರಡನ್ನೂ ಮೊದಲೇ ನೋಂದಾಯಿಸಬೇಕು. 2024ರ ಅಕ್ಟೋಬರಿನಿಂದ ನೋಂದಾಯಿಸದ ಲಿಂಕ್ ಇದ್ದರೆ ಮೆಸೇಜು ತಲುಪುವುದೇ ಇಲ್ಲ. 2025ರಿಂದ ಹೆಡರಿನ ತುದಿಯಲ್ಲಿ ಒಂದು ಅಕ್ಷರ ಬರುತ್ತದೆ: ಜಾಹೀರಾತಿಗೆ 'ಪಿ', ಸೇವೆಗೆ 'ಎಸ್', ವಹಿವಾಟಿಗೆ 'ಟಿ', ಸರ್ಕಾರಕ್ಕೆ 'ಜಿ'. ಹಾಗಾಗಿ "ನಿಮ್ಮ ಖಾತೆಗೆ ₹10,000 ಜಮಾ ಆಗಿದೆ" ಎಂಬ ಎಸ್‌ಎಂಎಸ್ ಹತ್ತಂಕಿಯ ಸಾಮಾನ್ಯ ನಂಬರಿನಿಂದ ಬಂದರೆ ಅದು ಬ್ಯಾಂಕಿನದ್ದಲ್ಲ ಎಂದು ಅಷ್ಟಕ್ಕೇ ತೀರ್ಮಾನಿಸಬಹುದು. ಆದರೆ ಈ ಬೇಲಿ ಎಸ್‌ಎಂಎಸ್ಸಿನ ಸುತ್ತ ಮಾತ್ರ. ವಾಟ್ಸ್‌ಆ್ಯಪ್, ಟೆಲಿಗ್ರಾಂ, ಇನ್‌ಸ್ಟಾಗ್ರಾಂಗಳಿಗೆ ಹೆಡರೂ ಇಲ್ಲ, ಅಕ್ಷರವೂ ಇಲ್ಲ. ವಂಚನೆ ಅತ್ತ ಹೊರಳಿದ್ದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಪರಿಶೀಲನೆಯ ಭಾರ ಕೈಯಿಂದ ಕೈಗೆ ಜಾರುತ್ತ, ಕೊನೆಗೆ ₹500 ಕಳಿಸಲು ಫೋನ್ ತೆಗೆದವರ ಕೈಗೇ ಬಂದು ನಿಂತಿದೆ. ಅವರಿಗಿರುವ ಉಪಕರಣಗಳೇನೂ ಕಡಿಮೆಯಲ್ಲ, ಬಳಸುವ ಕ್ರಮ ಗೊತ್ತಿರಬೇಕು.

ಕ್ಯುಆರ್‌ನಿಂದ ಶುರು ಮಾಡಿ. ಅದರೊಳಗೆ ಇರುವುದು ಒಂದು ಸಾಲು ಬರಹ: ಹಣ ಹೋಗುವ ಯುಪಿಐ ಐಡಿ, ತೋರಿಸಬೇಕಾದ ಹೆಸರು, ಬೇಕಿದ್ದರೆ ಮೊತ್ತ. ಆ ಹೆಸರನ್ನು ಕೋಡ್ ಮಾಡುವವರು ತಮಗೆ ಬೇಕಾದಂತೆ ಬರೆಯಬಹುದು. ಈ ಕಾರಣಕ್ಕೇ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಮಧ್ಯದಿಂದ ಆ್ಯಪ್‌ಗಳು ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ತೋರಿಸಬೇಕೆಂದು ವಿಧಿಸಿತು. ಸ್ಕ್ಯಾನ್ ಮಾಡಿ, ಪಿನ್ ಒತ್ತುವ ಮುನ್ನ ನಿಂತು ಆ ಹೆಸರು ಓದಿ. ಮನವಿಯಲ್ಲಿರುವ ತಂದೆಯದ್ದೋ ತಾಯಿಯದ್ದೋ ಆಗಿದ್ದರೆ ಒಂದು ಅನುಮಾನ ಕಳೆಯಿತು. ಬೇರೆ ಯಾರದ್ದೋ ಆಗಿದ್ದರೆ ಕೂಡಲೇ ಕಳ್ಳ ಎನ್ನಬೇಡಿ: ತಾಣಗಳು ಪ್ರತಿ ಮನವಿಗೂ ಪ್ರತ್ಯೇಕ ಐಡಿ ಕೊಡುತ್ತವೆ, ಅಲ್ಲಿ ತಾಣದ ಹೆಸರೋ ಪಾವತಿ ಕಂಪನಿಯ ಹೆಸರೋ ಬರಬಹುದು. ಆಗ ಮಾಡಬೇಕಾದ್ದು ಇಷ್ಟು. ಫಾರ್ವರ್ಡ್ ಆಗಿ ಬಂದ ಲಿಂಕನ್ನು ಒತ್ತದೆ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ, ರೋಗಿಯ ಹೆಸರು ಹುಡುಕಿ, ಅಲ್ಲಿರುವ ಐಡಿಯನ್ನೂ ನಿಮಗೆ ಬಂದ ಐಡಿಯನ್ನೂ ಅಕ್ಷರ ಅಕ್ಷರ ಹೋಲಿಸಿ. ಖಾತೆ ಬದಲಿಸಿದ ಮನವಿ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. "ಒಂದು ರೂಪಾಯಿ ಹಾಕಿ ನೋಡುವುದು" ಪರೀಕ್ಷೆಯೇ ಅಲ್ಲ; ಕಳ್ಳನ ಖಾತೆಗೂ ಒಂದು ರೂಪಾಯಿ ಸಲೀಸಾಗಿ ಹೋಗುತ್ತದೆ.

ಎಸ್ಟಿಮೇಟ್ ಪತ್ರವನ್ನು ದೊಡ್ಡದು ಮಾಡಿ ನೋಡಿ. ದಿನಾಂಕ, ಆಸ್ಪತ್ರೆ ಕೊಟ್ಟ ರೋಗಿಯ ಸಂಖ್ಯೆ, ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆ, ಸೀಲು. ತಿದ್ದಿದ ಪತ್ರದಲ್ಲಿ ಎಡವಟ್ಟಾಗುವ ಜಾಗಗಳು ಹೆಚ್ಚುಕಡಿಮೆ ಒಂದೇ: ಅಂಕಿಯಲ್ಲಿ ಒಂದು ಮೊತ್ತ, ಅಕ್ಷರದಲ್ಲಿ ಇನ್ನೊಂದು; ಹಾಸಿಗೆ, ಔಷಧಿ, ಶಸ್ತ್ರಚಿಕಿತ್ಸೆ ಕೂಡಿಸಿದರೆ ಒಟ್ಟು ತಾಳೆಯಾಗದು; ಹೆಸರಿನ ಅಚ್ಚು ಉಳಿದ ಸಾಲಿಗಿಂತ ತುಸು ಕಪ್ಪು; ರೋಗಿಯ ಸಂಖ್ಯೆ ಇರಬೇಕಾದ ಜಾಗ ಕತ್ತರಿಸಿಹೋಗಿದೆ. ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಅದನ್ನೂ ಬದಲಿಸಿರಬಹುದು. ಆಸ್ಪತ್ರೆಯ ವೆಬ್‌ಸೈಟಿನಿಂದ ನಂಬರ್ ತೆಗೆದುಕೊಂಡು ಬಿಲ್ಲಿಂಗ್ ವಿಭಾಗ ಕೇಳಿ. ಕಾಯಿಲೆಯ ವಿವರ ಅವರು ಹೇಳುವುದಿಲ್ಲ, ಹೇಳಲೂಬಾರದು. "ಈ ಸಂಖ್ಯೆಯ ರೋಗಿಯ ಬಿಲ್ಲಿಗೆ ನಾನು ನೇರ ಹಣ ಕಟ್ಟಬಹುದೇ, ರಸೀದಿ ಸಿಗುತ್ತದೆಯೇ?" ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತದೆ, ಅದೇ ಸಾಕು. ಇದೇ ಮಾತನ್ನು ಮನವಿ ಹಾಕಿದವರಿಗೂ ಹೇಳಿ ನೋಡಿ. ನಿಜವಾಗಿ ಆಸ್ಪತ್ರೆಯಲ್ಲಿ ಕುಳಿತ ಮನೆಯವರಿಗೆ ನೇರ ಪಾವತಿ ಎಂದರೆ ಸಾಮಾನ್ಯವಾಗಿ ನಿರಾಳ. "ಬೇಡ, ನಮ್ಮ ಖಾತೆಗೇ ಹಾಕಿ, ಈಗಲೇ ಹಾಕಿ" ಎಂಬ ಹಟ ಬಂದರೆ ನಿಲ್ಲಿಸುವುದು ಒಳ್ಳೆಯದು.

ಕೇಳಲು ಸಂಕೋಚಪಡುವ ಇನ್ನೊಂದು ಪ್ರಶ್ನೆ ಸರ್ಕಾರಿ ಯೋಜನೆಯದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆಯುಂಟು. ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಪಡಿಸಿದ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ₹1.5 ಲಕ್ಷದ ಮಿತಿಯೊಳಗೆ. "ಅದಕ್ಕೆ ಪ್ರಯತ್ನಿಸಿದ್ದೀರಾ?" ಎಂದರೆ ನಿಜವಾದ ಕುಟುಂಬದ ಬಳಿ ಉದ್ದದ ಉತ್ತರವೇ ಇರುತ್ತದೆ: ಆ ಚಿಕಿತ್ಸೆ ಪಟ್ಟಿಯಲ್ಲಿಲ್ಲ, ಮಿತಿ ಮುಗಿಯಿತು, ಆಸ್ಪತ್ರೆ ಯೋಜನೆಯಡಿ ಇಲ್ಲ. ನಕಲಿಗಳ ಬಳಿ ಈ ಕಥೆ ಇರುವುದು ಕಡಿಮೆ. ಜನ ಬೀದಿಗೆ ಬಿದ್ದು ಹಣ ಕೇಳಬೇಕಾಗಿ ಬರುವುದಕ್ಕೆ ಕಾರಣವೂ ಆ ಉದ್ದದ ಉತ್ತರದಲ್ಲೇ ಇದೆ. ಅದು ಇರುವ ತನಕ ಅಸಲಿ ಮನವಿಗಳ ಗುಂಪಿನಲ್ಲಿ ನಕಲಿಗೆ ಅಡಗುವ ಜಾಗ ಸಿಗುತ್ತಲೇ ಇರುತ್ತದೆ.

ಫೋಟೊವನ್ನು, ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿದರೆ ಹಳೆಯ ಸುದ್ದಿಯಿಂದ ಎತ್ತಿದ್ದು ಸಿಕ್ಕಿಬೀಳುತ್ತದೆ. ಏನೂ ಸಿಗಲಿಲ್ಲ ಎಂದರೆ ಅಸಲಿ ಎಂದೇನಲ್ಲ, ಎಐ ಬಂದ ಮೇಲಂತೂ ಅಲ್ಲ. ವ್ಯಕ್ತಿಯ ಖಾತೆಗೆ ಕಳಿಸಿದ್ದಕ್ಕೂ '80ಜಿ ತೆರಿಗೆ ರಿಯಾಯಿತಿ ಉಂಟು' ಎಂದು ಬರೆದಿದ್ದರೆ ಅದು ಸುಳ್ಳು; ರಿಯಾಯಿತಿ ನೋಂದಾಯಿತ ಸಂಸ್ಥೆಗೆ ಕೊಟ್ಟರೆ ಮಾತ್ರ. ವಿದೇಶದ ಕನ್ನಡ ಕೂಟಗಳಿಗೆ ಬರುವ ಮನವಿಗಳಲ್ಲಿ ರೋಗಿ ಇಲ್ಲಿ, ಹಣ ಸಂಗ್ರಹಿಸುವವರು ಅಲ್ಲಿ. ಹಣ ಯಾರ ಖಾತೆಗೆ ಬೀಳುತ್ತದೆ, ಇಲ್ಲಿಗೆ ಯಾವಾಗ ಕಳಿಸುತ್ತಾರೆ ಎಂದು ಕೇಳಿ ಬರಹದಲ್ಲೇ ಉತ್ತರ ಪಡೆಯುವುದು ಮೇಲು.

ಮೋಸ ಬರುವುದು ಹಣ ಕೊಡುವವರ ಕಡೆಗೆ ಮಾತ್ರವೂ ಅಲ್ಲ. ನಂಬರ್ ಹಾಕಿ ನೆರವು ಕೇಳಿದ ಮನೆಯವರಿಗೇ ಕರೆಗಳು ಶುರುವಾಗುತ್ತವೆ. "ನಿಮ್ಮ ಮನವಿಯನ್ನು ವೈರಲ್ ಮಾಡಿಸುತ್ತೇವೆ, ಮುಂಗಡ ಕೊಡಿ" ಎನ್ನುವವರು ಒಂದು ಬಗೆ. "₹50,000 ಮಂಜೂರಾಗಿದೆ, ಪ್ರೊಸೆಸಿಂಗ್ ಶುಲ್ಕ ಕಟ್ಟಿ" ಎನ್ನುವವರು ಇನ್ನೊಂದು ಬಗೆ. "ಐನೂರು ಹಾಕಲು ಹೋಗಿ ಐದು ಸಾವಿರ ಹಾಕಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ" ಎನ್ನುವವರು ನಕಲಿ ಎಸ್‌ಎಂಎಸ್ಸನ್ನೂ ಜೊತೆಗೆ ಕಳಿಸಿರುತ್ತಾರೆ. ಐಸಿಯು ಬಾಗಿಲಲ್ಲಿ ಕುಳಿತವರು ಬ್ಯಾಲೆನ್ಸ್ ನೋಡುವಷ್ಟು ಸಮಾಧಾನದಲ್ಲಿ ಇರುವುದಿಲ್ಲ ಎಂಬುದೇ ಈ ಲೆಕ್ಕಾಚಾರ. ಮೆಸೇಜು ಬಿಟ್ಟು ಖಾತೆಯ ಬ್ಯಾಲೆನ್ಸ್ ನೋಡುವ ಕೆಲಸವನ್ನು ಮನೆಯ ಹೊರಗಿನ ಒಬ್ಬ ನೆಂಟರಿಗೋ ಗೆಳೆಯರಿಗೋ ವಹಿಸುವುದು ಉಪಯೋಗಕ್ಕೆ ಬರುತ್ತದೆ.

ಈ ವಂಚನೆಯ ಲೆಕ್ಕ ಸರಿಯಾಗಿ ಸಿಗದಿರುವುದಕ್ಕೂ ಕಾರಣವಿದೆ. ಲಾಟರಿ ಮೋಸದಲ್ಲಿ ಬಹುಮಾನ ಬರಲಿಲ್ಲ ಎಂದು ಒಂದು ದಿನ ತಿಳಿಯುತ್ತದೆ. ದಾನ ಕೊಟ್ಟವರು ಏನನ್ನೂ ಎದುರುನೋಡುವುದಿಲ್ಲ, ಹಾಗಾಗಿ ಮೋಸಹೋದದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದರೂ ₹500ಕ್ಕೆ ಠಾಣೆ ಹತ್ತುವವರು ಎಷ್ಟು ಮಂದಿ? ಕಾನೂನಿನಲ್ಲಿ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 318, ಸೋಗು ಹಾಕಿ ಆನ್‌ಲೈನಿನಲ್ಲಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಇವೆ. ಇವೆರಡೂ ಕೆಲಸಕ್ಕೆ ಬರುವುದು ಹಣ ಹೋದ ಮೇಲೆ.

ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಬೇಕು. ಹಣ ಒಂದು ಬಾಡಿಗೆ ಖಾತೆಯಿಂದ ಇನ್ನೊಂದಕ್ಕೆ ಹಾರಿ ಎಟಿಎಂನಲ್ಲಿ ನೋಟಾಗುವ ಮೊದಲು ತಡೆಹಿಡಿಯುವುದೇ ಆ ವ್ಯವಸ್ಥೆಯ ಉದ್ದೇಶ, ಆದ್ದರಿಂದ ಗಂಟೆಗಳ ಲೆಕ್ಕ. ಕರೆಗೆ ಮುನ್ನ ಕೈಯಲ್ಲಿರಬೇಕಾದವು: ಆ ಪಾವತಿಯನ್ನು ಗುರುತಿಸುವ 12 ಅಂಕಿಯ ಯುಟಿಆರ್ ಸಂಖ್ಯೆ, ದಿನಾಂಕ ಮತ್ತು ಸಮಯ, ಮೊತ್ತ, ಎದುರಿನ ಯುಪಿಐ ಐಡಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ನಂಬರ್ ಬ್ಲಾಕ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹಣ ಹೋಗದೆ ಬರೀ ಮೆಸೇಜು ಬಂದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು. ತಾಣದ ಮೂಲಕ ಕೊಟ್ಟಿದ್ದರೆ ಆ ಮನವಿಯ ಪುಟದಲ್ಲೇ ಪ್ರತ್ಯೇಕ ದೂರು ಹಾಕಿ. ಸಂಗ್ರಹವಾದದ್ದನ್ನು ಇನ್ನೂ ಪಾವತಿಸಿಲ್ಲವಾದರೆ ತಾಣ ಅದನ್ನು ನಿಲ್ಲಿಸಬಲ್ಲದು.