‘ಯೂಸ್ಡ್ ಆ್ಯಸ್’ ಎಲ್ಲಿ, ‘ಯೂಸ್ಡ್ ಫಾರ್’ ಎಲ್ಲಿ?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದೊಂದು ಕಟ್ಟಡವಿದೆ. ಕೆಳಗೆ ಒಣಮೆಣಸಿನಕಾಯಿ ದಾಸ್ತಾನು, ಮೇಲೆ ಆಫೀಸು. ಸಾಲಕ್ಕಾಗಿ ಬ್ಯಾಂಕಿಗೆ ಇಂಗ್ಲಿಷಿನಲ್ಲಿ ವಿವರ ಬರೆದುಕೊಡಬೇಕು. ‘ಯೂಸ್ಡ್ ಆ್ಯಸ್’ ಸರಿಯೋ, ‘ಯೂಸ್ಡ್ ಫಾರ್’ ಸರಿಯೋ?

ಉತ್ತರ: ನಿಮಗೆ ಎರಡೂ ಬೇಕು. ಮೊದಲು ಕನ್ನಡದಲ್ಲೇ ಹೇಳಿ ನೋಡಿ. ‘ಮೇಲ್ಮಹಡಿಯನ್ನು ಆಫೀಸಾಗಿ ಬಳಸುತ್ತೇವೆ’ ಅನ್ನುತ್ತೀರಿ. ‘ಆಗಿ’ ಬಂದಲ್ಲಿ ‘ಆ್ಯಸ್’: ‘ದಿ ಅಪ್ಪರ್ ಫ್ಲೋರ್ ಈಸ್ ಯೂಸ್ಡ್ ಆ್ಯಸ್ ಆ್ಯನ್ ಆಫೀಸ್.’ ಕೆಳಗಿನದನ್ನು ‘ಮೆಣಸಿನಕಾಯಿ ಇಡೋದಕ್ಕೆ’ ಬಳಸುತ್ತೀರಿ. ‘ಕ್ಕೆ’ ಬಂದಲ್ಲಿ ‘ಫಾರ್’: ‘ದಿ ಗ್ರೌಂಡ್ ಫ್ಲೋರ್ ಈಸ್ ಯೂಸ್ಡ್ ಫಾರ್ ಸ್ಟೋರಿಂಗ್ ಚಿಲ್ಲೀಸ್.’ ‘ಫಾರ್ ಸ್ಟೋರ್’ ಅಂತ ಬರೆಯಬೇಡಿ. ‘ಸ್ಟೋರ್’ ಬೇಕೆಂದರೆ ಮುಂದೆ ‘ಟು’ ಇರಲಿ: ‘ಈಸ್ ಯೂಸ್ಡ್ ಟು ಸ್ಟೋರ್ ಚಿಲ್ಲೀಸ್.’

ಈ ‘ಟು’ ಹತ್ತಿರ ಮಾತ್ರ ಹುಷಾರಾಗಿರಿ. ಅವಸರದಲ್ಲಿ ‘ಈಸ್’ ಬಿಟ್ಟು ‘ಯೂಸ್ಡ್ ಟು ಸ್ಟೋರ್ ಚಿಲ್ಲೀಸ್’ ಅಂತ ಬರೆದರೆ, ಹಿಂದೆ ಇಡುತ್ತಿದ್ದೆವು, ಈಗ ಇಲ್ಲ ಎಂದಾಗುತ್ತದೆ. ಒಳಗೆ ಚೀಲಗಳು ಸೂರು ಮುಟ್ಟಿರುತ್ತವೆ, ಕಾಗದದಲ್ಲಿ ಗೋದಾಮು ಖಾಲಿ! ದಾಸ್ತಾನಿನ ಮೇಲೆ ಸಾಲ ಕೇಳುವವರಿಗೆ ಇದು ಸಣ್ಣ ತಪ್ಪಲ್ಲ. ‘ಈಸ್ ಯೂಸ್ಡ್ ಟು ಸ್ಟೋರಿಂಗ್’ ಅಂದರೆ ಇನ್ನೂ ತಮಾಷೆ, ಕಟ್ಟಡಕ್ಕೇ ಅದು ರೂಢಿಯಾಗಿಬಿಟ್ಟಿದೆ ಅಂತ ಅರ್ಥ. ‘ಬಿಲ್ಡಿಂಗ್ ಈಸ್ ಯೂಸಿಂಗ್ ಆ್ಯಸ್ ಆಫೀಸ್’ ಕೂಡ ಬೇಡ. ಬಳಸುವವರು ನೀವು, ಕಟ್ಟಡವಲ್ಲ.

ಕಟ್ಟಿದ್ದು ಒಂದಕ್ಕೆ, ಈಗಿನ ಬಳಕೆ ಇನ್ನೊಂದಕ್ಕೆ ಇದ್ದರೆ? ಧಾರವಾಡದ ಕರ್ನಾಟಕ ಕಾಲೇಜನ್ನೇ ನೋಡಿ. 1917ರಲ್ಲಿ ಶುರುವಾದ ಈ ಕಾಲೇಜಿನ ಮುಖ್ಯ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯಾಗಿತ್ತು. ಅದಕ್ಕೆ ‘ವಾಸ್ ಬಿಲ್ಟ್ ಆ್ಯಸ್ ಎ ರೈಲ್ವೆ ಹೆಡ್ ಆಫೀಸ್ ಆ್ಯಂಡ್ ನೌ ಹೌಸಸ್ ಎ ಕಾಲೇಜ್’ ಅನ್ನಬಹುದು. ‘ಪರ್ಪಸ್-ಬಿಲ್ಟ್ ಕಾಲೇಜ್’ ಅನ್ನುವಂತಿಲ್ಲ, ಆ ಮಾತು ಮೊದಲಿನಿಂದ ಅದಕ್ಕೆಂದೇ ಕಟ್ಟಿದ್ದಕ್ಕೆ ಮಾತ್ರ. ಬಾಡಿಗೆ ಜಾಹೀರಾತಿನವರು ಇದನ್ನು ಕಂಡಕಂಡಲ್ಲಿ ಅಂಟಿಸುತ್ತಾರೆ.

‘ಫಾರ್ ದಿ ಪರ್ಪಸ್ ಆಫ್’ ಎಂಬ ಉದ್ದನೆಯ ಬಾಲವನ್ನು ಕತ್ತರಿಸಿ, ‘ಫಾರ್’ ಒಂದೇ ಸಾಕು. ಇನ್ನು ಅರ್ಜಿಯಲ್ಲಿ ‘ಪರ್ಪಸ್’ ಅಂತ ಪ್ರತ್ಯೇಕ ಕಾಲಮ್ಮೇ ಇದ್ದರೆ ವಾಕ್ಯದ ಗೊಡವೆಯೇ ಬೇಡ: ‘ಸ್ಟೋರೇಜ್ ಆಫ್ ಡ್ರೈ ಚಿಲ್ಲೀಸ್, ಆಫೀಸ್’ ಎಂದು ಬರೆದು ಸಹಿ ಹಾಕಿ.