ಹೊಳಪು: ಕಣ್ಣಿಗೆ ಅದು ಗೊತ್ತಾಗುವುದು ಹೇಗೆ?

ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವಾಗ ಕೈ ಹಾಕುವ ಮೊದಲೇ ಅರ್ಧ ತೀರ್ಮಾನ ಆಗಿರುತ್ತದೆ. ಮಿರಮಿರ ಮಿಂಚಿದರೆ ಎಳೆಯದು, ಮಂಕಾಗಿದ್ದರೆ ಬಲಿತದ್ದೋ ಬಾಡಿದ್ದೋ. ಒಂದು ವಸ್ತು ನುಣುಪೋ ಒರಟೋ, ಒದ್ದೆಯೋ ಒಣಗಿದೆಯೋ, ಲೋಹವೋ ಪ್ಲಾಸ್ಟಿಕ್ಕೋ ಅಂತ ಮುಟ್ಟದೆ ನೋಡಿಯೇ ತಿಳಿಯುವುದಕ್ಕೆ ದೃಷ್ಟಿ ವಿಜ್ಞಾನಿಗಳು ‘ಮೆಟೀರಿಯಲ್ ಪರ್ಸೆಪ್ಷನ್’ ಎನ್ನುತ್ತಾರೆ. ಬಹಳ ಕಾಲ ಅವರ ಗಮನವೆಲ್ಲ ಇದು ಲೋಟ, ಇದು ಕುರ್ಚಿ ಅಂತ ಗುರುತಿಸುವುದರ ಮೇಲೇ ಇತ್ತು. ಅದು ಯಾವುದರಿಂದ ಆಗಿದೆ ಅಂತ ಕಣ್ಣಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದವರು ಕಡಿಮೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೃಷ್ಟಿ ವಿಜ್ಞಾನಿ ಎಡ್ವರ್ಡ್ ಅಡೆಲ್ಸನ್ 2001ರಲ್ಲಿ ಈ ಕೊರತೆಯನ್ನೇ ಎತ್ತಿ ಬರೆದರು.

ಹೊಳಪನ್ನೇ ತೆಗೆದುಕೊಳ್ಳಿ. ಒರಟು ಮೈ ಬೆಳಕನ್ನು ಎಲ್ಲ ಕಡೆ ಚೆದುರಿಸುತ್ತದೆ. ನುಣುಪು ಮೈ ಒಂದೇ ದಿಕ್ಕಿಗೆ ತಿರುಗಿಸಿ ಕಳಿಸುತ್ತದೆ. ಬದನೆಕಾಯಿಯ ಮೇಲಿನ ಆ ಬಿಳಿ ಚುಕ್ಕೆ ಬದನೆಕಾಯಿಯದಲ್ಲ, ತಲೆ ಮೇಲೆ ಉರಿಯುತ್ತಿರುವ ಬಲ್ಬಿನ ಪ್ರತಿಬಿಂಬ. ನೀವು ತಲೆ ಆಡಿಸಿದರೆ ಚುಕ್ಕೆಯೂ ಜಾರುತ್ತದೆ. ಕಲೆಯಾಗಿದ್ದರೆ ಅಲ್ಲೇ ಇರುತ್ತಿತ್ತು, ಅಲ್ವಾ?

ಚುಕ್ಕೆಯ ಅಂಚು ಎಷ್ಟು ಚೂಪಾಗಿದೆ ಎನ್ನುವುದೂ ಮುಖ್ಯ. ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣ ಹಚ್ಚಿದ ಮೇಲೆ, ಅದು ತಿರುಗುತ್ತಿರುವಾಗಲೇ ಕೇದಗೆ ಗರಿ ಒತ್ತಿ ಉಜ್ಜುತ್ತಾರೆ. ಬಣ್ಣ ಬದಲಾಗುವುದಿಲ್ಲ, ಮೈ ಮಾತ್ರ ಸಮವಾಗುತ್ತದೆ. ಹರಡಿಕೊಂಡಿದ್ದ ಮಸುಕು ಬೆಳಕು ಗಟ್ಟಿಯಾದ ಒಂದು ಗೆರೆಯಾಗುತ್ತದೆ. ಕಣ್ಣಿಗೆ ಪಾಲಿಶ್ ಅಂದರೆ ಅಷ್ಟೇ.

ಚುಕ್ಕೆಯ ಬಣ್ಣವೂ ಸುಳಿವು ಕೊಡುತ್ತದೆ. ಹಳದಿ ಪ್ಲಾಸ್ಟಿಕ್ ಚೊಂಬಿನ ಮೇಲೆ ಹೊಳೆಯುವ ಜಾಗ ಬೆಳ್ಳಗೆ, ಅಂದರೆ ಬೆಳಕಿನದೇ ಬಣ್ಣ. ಹಿತ್ತಾಳೆ ಚೊಂಬಿನ ಮೇಲೆ ಆ ಜಾಗವೂ ಹಳದಿಯೇ. ಲೋಹ ತಾನು ತಿರುಗಿಸುವ ಬೆಳಕಿಗೆ ತನ್ನ ಬಣ್ಣ ಹಚ್ಚಿ ಕಳಿಸುತ್ತದೆ.

ಈಗ ಜಗಳದ ವಿಷಯಕ್ಕೆ ಬರೋಣ. ಮಿದುಳು ಇದನ್ನೆಲ್ಲ ಲೆಕ್ಕ ಹಾಕುವುದು ಹೇಗೆ? 2007ರಲ್ಲಿ ಮೊಟೊಯೋಶಿ, ನಿಶಿದಾ, ಶರಣ್ ಮತ್ತು ಅಡೆಲ್ಸನ್ ‘ನೇಚರ್’ ಪತ್ರಿಕೆಯಲ್ಲಿ ಸುಲಭದ ಉತ್ತರ ಕೊಟ್ಟರು. ಹೊಳೆಯುವ ಮೈಯ ಚಿತ್ರದಲ್ಲಿ ಹೆಚ್ಚಿನ ಭಾಗ ಕಪ್ಪಗೆ, ಅಲ್ಲಲ್ಲಿ ಸ್ವಲ್ಪ ಮಾತ್ರ ತುಂಬಾ ಬೆಳ್ಳಗೆ ಇರುತ್ತದೆ. ಕಣ್ಣು ಈ ಏರುಪೇರಿನ ಹಂಚಿಕೆಯನ್ನೇ ಬಳಸುತ್ತಿರಬಹುದು ಎಂದರು. 2009ರಲ್ಲಿ ಆಂಡರ್ಸನ್ ಮತ್ತು ಕಿಮ್ ಇದನ್ನು ಒಪ್ಪಲಿಲ್ಲ. ಅದೇ ಬಿಳಿ ಚುಕ್ಕೆಗಳನ್ನು ಸುಮ್ನೆ ಪಕ್ಕಕ್ಕೆ ಸರಿಸಿದರೆ ಕಪ್ಪು ಬಿಳುಪಿನ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ, ಆದರೆ ಹೊಳಪು ಹೋಗಿ ಸುಣ್ಣ ಸಿಡಿದ ಹಾಗೆ ಕಾಣುತ್ತದೆ. ಅಂದರೆ ಚುಕ್ಕೆ ಮೈಯ ಉಬ್ಬು ತಗ್ಗಿಗೆ ಹೊಂದಿಕೊಂಡು ಕೂತಿರಬೇಕು. ನನಗೆ ಈ ವಾದವೇ ಜಾಸ್ತಿ ಸರಿ ಅನಿಸುತ್ತದೆ. ಆಕಾರ ಗೊತ್ತಿಲ್ಲದೆ ಹೊಳಪು ಗೊತ್ತಾಗುವುದು ಕಷ್ಟ.

ಎರಡು ಕಣ್ಣಿರುವುದೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಸ್ಟೀಲ್ ಚಮಚದ ಉಬ್ಬಿದ ಬೆನ್ನು ನೋಡಿ. ಬೆಳಕಿನ ಚುಕ್ಕೆ ಚಮಚದ ಮೇಲಿರದೆ ಸ್ವಲ್ಪ ಒಳಗೆ ಹುದುಗಿದಂತೆ ಕಾಣುತ್ತದೆ. ಎರಡೂ ಕಣ್ಣಿಗೆ ಅದು ಬೇರೆ ಬೇರೆ ಜಾಗದಲ್ಲಿ ಕಾಣುವುದರಿಂದ ಹೀಗೆ. ನಮ್ಮ ದೃಷ್ಟಿ ಈ ಸುಳಿವನ್ನೂ ಬಳಸುತ್ತದೆ ಎಂದು ಬ್ಲೇಕ್ ಮತ್ತು ಬುಲ್ತಾಫ್ 1990ರಲ್ಲಿ ತೋರಿಸಿದರು.

ಒದ್ದೆತನ ಇದರ ಹತ್ತಿರದ ನೆಂಟ. ಕಲ್ಲಿನ ಮೇಲೆ ನೀರು ಬಿದ್ದರೆ ಕಲ್ಲು ಕಪ್ಪಾಗುತ್ತದೆ, ಬಣ್ಣ ಗಾಢವಾಗುತ್ತದೆ. ನೀರಿನ ಪದರ ಬೆಳಕನ್ನು ಮತ್ತೆ ಒಳಕ್ಕೇ ತಳ್ಳುವುದರಿಂದ ಹೊರಗೆ ಬರುವುದು ಕಡಿಮೆ. ಫೋಟೊದಲ್ಲಿ ಬಣ್ಣವನ್ನು ಹಾಗೆ ಗಾಢ ಮಾಡಿ ಹೊಳಪು ಹೆಚ್ಚಿಸಿದರೆ ಒಣ ದೃಶ್ಯವೂ ಒದ್ದೆಯಾಗಿ ಕಾಣುತ್ತದೆ.

ಸುತ್ತಲಿನ ಬೆಳಕು ಕೈಕೊಟ್ಟರೆ ಕಣ್ಣೂ ತಪ್ಪುತ್ತದೆ. ಒಂದೇ ಒಂದು ಸಣ್ಣ ದೀಪದ ಕೆಳಗಿಗಿಂತ ಕಿಟಕಿ, ಆಕಾಶ, ಗೋಡೆ ಎಲ್ಲ ಇರುವ ನಿಜವಾದ ಜಾಗದ ಬೆಳಕಿನಲ್ಲಿ ಜನ ಹೊಳಪನ್ನು ಚೆನ್ನಾಗಿ ಅಂದಾಜು ಮಾಡುತ್ತಾರೆ ಎಂದು ಫ್ಲೆಮಿಂಗ್, ಡ್ರೋರ್ ಮತ್ತು ಅಡೆಲ್ಸನ್ 2003ರಲ್ಲಿ ಕಂಡುಕೊಂಡರು. ರೇಷ್ಮೆ ಸೀರೆಯನ್ನು ಅಂಗಡಿಯವರು ಬಿಡಿಸಿ ಆಡಿಸಿ ತೋರಿಸುವುದೂ ಇಂಥದೇ ಜಾಣತನ. ಮಡಿಕೆ ಅಲುಗಿದಾಗ ಬೆಳಕು ಎಳೆಗಳ ಮೇಲೆ ಹರಿಯುವುದು ಒಂದು ಫೋಟೊದಲ್ಲಿ ಸಿಗುವುದಿಲ್ಲ. ಆನ್‌ಲೈನಿನಲ್ಲಿ ಸೀರೆ ಕೊಳ್ಳುವವರು ಕಿಟಕಿ ಪಕ್ಕ ಹಿಡಿದು ತೆಗೆದ ಒಂದು ವಿಡಿಯೊ ಕೇಳುವುದು ಒಳ್ಳೆಯದು.