ಗಂಧಕಕ್ಕೆ ಗಂಧ ಇದೆಯಾ?

ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಹಳದಿ ಗಂಧಕಕ್ಕೆ, ಅಂದರೆ ಸಲ್ಫರ್‌ಗೆ, ವಾಸನೆ ಇಲ್ಲವೆಂದೇ ಹೇಳಬೇಕು. ಆದರೂ ಹೆಸರು ಗಂಧಕ, ಅಂದರೆ ವಾಸನೆಯುಳ್ಳದ್ದು. ಹೆಸರಿಟ್ಟವರು ಅದನ್ನು ಸುಟ್ಟು ನೋಡಿರಬೇಕು ಅಂತ ನನಗನ್ನಿಸುತ್ತದೆ. ಬೆಂಕಿ ತಗುಲಿದರೆ ಗಂಧಕ ಗಾಳಿಯ ಆಕ್ಸಿಜನ್ ಜೊತೆ ಸೇರಿ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಮೂಗು ಚುರುಗುಟ್ಟಿಸುವ ಘಾಟು ಅದರದ್ದು.

ಯಾವುದೇ ವಸ್ತುವಿನ ವಾಸನೆ ನಮಗೆ ಗೊತ್ತಾಗಬೇಕಾದರೆ ಅದರ ಅಣುಗಳು ಹಾರಿ ಮೂಗಿನೊಳಗೆ ಬರಬೇಕು. ಗಂಧಕದಲ್ಲಿ ಎಂಟೆಂಟು ಪರಮಾಣುಗಳು ಉಂಗುರದಂತೆ ಕೂಡಿಕೊಂಡಿವೆ. ಅದು ಕುದಿಯಲು ಸುಮಾರು 445 ಡಿಗ್ರಿ ಸೆಲ್ಸಿಯಸ್ ಬೇಕು. ಸುಮ್ನೆ ಇಟ್ಟರೆ ಹಾರುವ ಅಣುಗಳು ತೀರಾ ಕಡಿಮೆ. ಚಿನ್ನ, ಬೆಳ್ಳಿ, ಕಬ್ಬಿಣದ ಕಥೆಯೂ ಇದೇ. ಬೀಗದ ಕೈ ಹಿಡಿದ ಅಂಗೈ ನಾರುತ್ತದೆ ಅಲ್ವಾ? ಅದು ಕಬ್ಬಿಣ ತಾಗಿದಾಗ ನಮ್ಮ ಚರ್ಮದ ಎಣ್ಣೆಯಿಂದ ಹುಟ್ಟುವ ವಾಸನೆ!

ಹಾರಿದರಷ್ಟೇ ಸಾಲದು, ಮೂಗೂ ಅದನ್ನು ಗುರುತಿಸಬೇಕು. ಆಕ್ಸಿಜನ್, ನೈಟ್ರೋಜನ್ ಸದಾ ಮೂಗಿನೊಳಗೇ ಓಡಾಡಿದರೂ ನಮಗೆ ತಿಳಿಯುವುದಿಲ್ಲ. ಕ್ಲೋರಿನ್, ಬ್ರೋಮಿನ್ ಹಾಗಲ್ಲ, ತಾವೇ ಘಾಟು. 1826ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಬಲಾರ್ ಕಂಡುಹಿಡಿದ ಬ್ರೋಮಿನ್‌ಗೆ ಆ ಹೆಸರು ಬಂದದ್ದೇ ದುರ್ವಾಸನೆ ಎಂಬ ಗ್ರೀಕ್ ಪದದಿಂದ.

ಗಂಧಕದ ನಿಜವಾದ ಗಮ್ಮತ್ತು ಅದು ಬೇರೆಯವರ ಜೊತೆ ಸೇರಿದಾಗ. ಬೆಳ್ಳುಳ್ಳಿ, ಈರುಳ್ಳಿ, ಇಂಗು, ಇವುಗಳ ಘಮಲಿಗೆಲ್ಲ ಗಂಧಕದ ಸಂಯುಕ್ತಗಳೇ ಮುಖ್ಯ ಕಾರಣ. ಅಡುಗೆ ಗ್ಯಾಸಿಗೆ ತನ್ನದೇ ಅಂಥ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೆರೆಸುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ ಸ್ಫೋಟವಾಯಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅದಾದ ಮೇಲೆಯೇ ಅಲ್ಲಿ ಅನಿಲಕ್ಕೆ ವಾಸನೆ ಬೆರೆಸುವ ಕಾನೂನು ಬಂತು.

ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಕೂಡ ಗಂಧಕದ್ದೇ ಕೂಸು. ಚರಂಡಿ, ಮ್ಯಾನ್‌ಹೋಲ್‌ಗಳಲ್ಲಿ ಹುಟ್ಟುತ್ತದೆ. ಒಂದಿಷ್ಟಿದ್ದರೂ ಮೂಗು ಹಿಡಿದುಬಿಡುತ್ತದೆ. ಆದರೆ ಜಾಸ್ತಿಯಾದಾಗ ಇದು ವಾಸನೆ ಹಿಡಿಯುವ ಶಕ್ತಿಯನ್ನೇ ಮಂಕು ಮಾಡುತ್ತದೆ. ನಾತ ನಿಂತಿತು, ಇನ್ನು ಇಳಿಯಬಹುದು ಅಂದುಕೊಂಡರೆ ಜೀವಕ್ಕೇ ಕುತ್ತು. ಅಲ್ಲಿ ಮೂಗನ್ನು ನಂಬಬಾರದು, ಅನಿಲ ಅಳೆಯುವ ಉಪಕರಣ ಬೇಕೇ ಬೇಕು.